ಕಾರಿನ ಹಿಂದೆ ನಾಲ್ಕು ಸೈಕಲ್: ಭಾರ ಎಷ್ಟು, ದೂರ ಎಷ್ಟು?

ಅಮೆರಿಕ ಸಂಯುಕ್ತ ಸಂಸ್ಥಾನದ ಹೆದ್ದಾರಿಗಳಲ್ಲಿ ಶನಿವಾರ, ಭಾನುವಾರಗಳಂದು ಒಂದು ನೋಟ ಸಾಮಾನ್ಯ. ಕಾರಿನ ಹಿಂಬದಿಗೆ ಉಕ್ಕಿನ ಚೌಕಟ್ಟೊಂದು ಚಾಚಿಕೊಂಡಿರುತ್ತದೆ. ಅದರ ಮೇಲೆ ಎರಡು ದೊಡ್ಡ ಸೈಕಲ್‌ಗಳು, ಎರಡು ಚಿಕ್ಕವು. ಅಪ್ಪ, ಅಮ್ಮ, ಮಕ್ಕಳು ಸೇರಿ ಸೈಕಲ್ ಸವಾರಿಗೆ ಹೊರಟಿದ್ದಾರೆ. ಸೈಕಲ್ ಇದ್ದ ಮೇಲೆ ಅದನ್ನೇ ತುಳಿದುಕೊಂಡು ಹೋಗಬಾರದೇ, ಕಾರೇಕೆ ಎಂದು ನೀವು ಕೇಳಬಹುದು. ಮಕ್ಕಳೊಂದಿಗೆ ನಿರಾತಂಕವಾಗಿ ಹೋಗಬಹುದಾದ ಉದ್ದನೆಯ ಸೈಕಲ್ ಹಾದಿಗಳು ಅಲ್ಲಿ ಅನೇಕರಿಗೆ ಮನೆಯಿಂದ ದೂರ. ಇವುಗಳಲ್ಲಿ ಹಲವು, ರೈಲು ಸಂಚಾರ ನಿಂತ ಮೇಲೆ ಹಳಿಗಳನ್ನು ತೆಗೆದು ಮಾಡಿದ ಹಾದಿಗಳು. ಮಿಸೌರಿ ರಾಜ್ಯದ ಕೇಟಿ ಟ್ರೈಲ್ ಸುಮಾರು 385 ಕಿಮೀ ಉದ್ದವಿದೆ. ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗಿನ ಗ್ರೇಟ್ ಅಲಿಗೇನಿ ಪ್ಯಾಸೇಜ್ ಸುಮಾರು 240 ಕಿಮೀ. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ರೈಲುಹಾದಿಯ ಇಳಿಜಾರು ಯಾವಾಗಲೂ ಸೌಮ್ಯ. ಮಕ್ಕಳ ಕಾಲಿಗೂ ಅದು ಹಿತ.

ಅಲ್ಲಿ ನೆಲೆಸಿರುವ ಕನ್ನಡಿಗರ ಕುಟುಂಬಗಳೂ ಈ ಹವ್ಯಾಸವನ್ನು ಬೆಳೆಸಿಕೊಂಡಿವೆ. ಸೈಕಲ್ ಸಾಗಿಸುವ ಚೌಕಟ್ಟನ್ನು, ಅಂದರೆ ರ‍್ಯಾಕನ್ನು, ಕೊಳ್ಳಲು ಹೋದಾಗ ಪೆಟ್ಟಿಗೆಯ ಮೇಲೆ ಎದ್ದು ಕಾಣುವ ಮಾತು 'ನಾಲ್ಕು ಸೈಕಲ್‌ಗಳಿಗೆ' ಎಂಬುದು. ಆದರೆ ಎಷ್ಟು ಸೈಕಲ್ ಎಂಬುದಷ್ಟೇ ಸರಿಯಾದ ಪ್ರಶ್ನೆಯಲ್ಲ. ಎಷ್ಟು ಭಾರ, ಎಷ್ಟು ದೂರದಲ್ಲಿ ಎಂಬುದು ಸರಿಯಾದ ಪ್ರಶ್ನೆ. ಗಂಟೆಗೆ 100 ಕಿಮೀ ವೇಗದಲ್ಲಿ ಹಿಂದೆ ಬರುತ್ತಿರುವ ವಾಹನ ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಸಾಗುತ್ತದೆ. ಅದರೆದುರು ರ‍್ಯಾಕು ಕಳಚಿ ಬಿದ್ದರೆ ಆ ಚಾಲಕನಿಗೆ ಯೋಚಿಸಲೂ ಸಮಯವಿರದು. ಪ್ರೌಢಶಾಲೆಯಲ್ಲಿ ಕಲಿಯುವ ಸನ್ನೆಯ ನಿಯಮ ಇಲ್ಲಿ ಜೀವರಕ್ಷಣೆಯ ವಿಷಯವಾಗುತ್ತದೆ.

ಹಿಚ್ ಎಂದರೇನು?

ಅಮೆರಿಕದಲ್ಲಿ ದೋಣಿ, ಸಾಮಾನಿನ ಟ್ರೇಲರು ಮುಂತಾದವನ್ನು ಸ್ವಂತ ಕಾರಿನ ಹಿಂದೆ ಕಟ್ಟಿ ಎಳೆಯುವುದು ರೂಢಿ. ಅದಕ್ಕಾಗಿ ಕಾರಿನ ತಳದ ಚೌಕಟ್ಟಿಗೆ ಭದ್ರವಾಗಿ ಜೋಡಿಸುವ ಉಕ್ಕಿನ ಅಂಗವೇ ಹಿಚ್. ಅದರ ಬಾಯಿ ಚೌಕಾಕಾರದ ಟೊಳ್ಳು ಕೊಳವೆ. ಇದರೊಳಕ್ಕೆ ರ‍್ಯಾಕಿನ ದಂಡವನ್ನು ತೂರಿಸಿ, ಅಡ್ಡಲಾಗಿ ಒಂದು ಪಿನ್ನು ಹಾಕಿ ಬಂಧಿಸುತ್ತಾರೆ. ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳು ಎರಡು: ಬಾಯಿಯ ಒಳ ಅಗಲ 1¼ ಅಂಗುಲ (ಸುಮಾರು 32 ಮಿಮೀ) ಮತ್ತು 2 ಅಂಗುಲ (ಸುಮಾರು 51 ಮಿಮೀ).

ಹಿಚ್‌ಗಳನ್ನು ಸಾಮರ್ಥ್ಯಕ್ಕೆ ತಕ್ಕಂತೆ ವರ್ಗ ಮಾಡಿದ್ದಾರೆ. ಚಿಕ್ಕ ಕಾರುಗಳಿಗೆ ಹಾಕುವ ಒಂದನೇ ವರ್ಗದ ಹಿಚ್ 2000 ಪೌಂಡು, ಅಂದರೆ ಸುಮಾರು 907 ಕಿಗ್ರಾಂ ತೂಕದ ಟ್ರೇಲರನ್ನು ಎಳೆಯಬಲ್ಲದು. ಆದರೆ ಅದರ ಮೇಲೆ ಕೆಳಮುಖವಾಗಿ ಬೀಳಬಹುದಾದ ಭಾರ 200 ಪೌಂಡು, ಅಂದರೆ ಸುಮಾರು 91 ಕಿಗ್ರಾಂ ಮಾತ್ರ. ಇದಕ್ಕೆ 'ಟಂಗ್ ವೆಯ್ಟ್' ಎಂದು ಹೆಸರು. ಟ್ರೇಲರಿನ ಬಹುಪಾಲು ಭಾರವನ್ನು ಅದರ ಗಾಲಿಗಳೇ ಹೊರುತ್ತವೆ. ರ‍್ಯಾಕಿಗೆ ಗಾಲಿಗಳಿಲ್ಲ, ಪೂರ್ತಿ ಭಾರ ಹಿಚ್‌ನದೇ. ಆದ್ದರಿಂದ ರ‍್ಯಾಕ್ ಕೊಳ್ಳುವವರು ನೋಡಬೇಕಾದದ್ದು ಈ ಎರಡನೆಯ, ಚಿಕ್ಕ ಸಂಖ್ಯೆಯನ್ನು.

ಲೆಕ್ಕ ಹಾಕೋಣ

ದೊಡ್ಡವರ ಸೈಕಲ್ ತಲಾ 14 ಕಿಗ್ರಾಂ, ಮಕ್ಕಳ ಸೈಕಲ್ ತಲಾ 10 ಕಿಗ್ರಾಂ ಎಂದಿರಲಿ. ನಾಲ್ಕೂ ಸೇರಿ 48 ಕಿಗ್ರಾಂ. ನಾಲ್ಕು ಸೈಕಲ್ ಹಿಡಿಯುವ ಗಟ್ಟಿಮುಟ್ಟಾದ ರ‍್ಯಾಕಿನ ಸ್ವಂತ ತೂಕ 40 ಕಿಗ್ರಾಂ ಎಂದುಕೊಳ್ಳಿ. ಒಟ್ಟು 88 ಕಿಗ್ರಾಂ. ಮಿತಿ 91 ಇದೆಯಲ್ಲ, ಸಾಕು ಎನ್ನಿಸುತ್ತದೆ. ನಿಜವಾಗಿ ಸಾಕೇ?

ಬಾಗಿಲನ್ನು ತಿರುಗುಣಿಯ ಹತ್ತಿರ ನೂಕಿದರೆ ಅಲುಗದು, ಅಂಚಿನಲ್ಲಿ ನೂಕಿದರೆ ಬೆರಳಿಗೇ ತೆರೆಯುತ್ತದೆ. ಬಲದ ತಿರುಗಿಸುವ ಪರಿಣಾಮವನ್ನು ಭ್ರಾಮಕ ಎನ್ನುತ್ತೇವೆ. ಬಲವನ್ನು ಆಧಾರಬಿಂದುವಿನಿಂದ ಅದರ ಲಂಬದೂರದಿಂದ ಗುಣಿಸಿದರೆ ಭ್ರಾಮಕ ಸಿಗುತ್ತದೆ. ಇಲ್ಲಿ ಸರಳತೆಗಾಗಿ ಕಿಗ್ರಾಂ ಮತ್ತು ಮೀಟರ್‌ಗಳ ಗುಣಲಬ್ಧವನ್ನೇ ಬಳಸೋಣ. ನ್ಯೂಟನ್-ಮೀಟರ್ ಬೇಕಿದ್ದರೆ 9.8ರಿಂದ ಗುಣಿಸಿ.

ಟ್ರೇಲರಿನ ಭಾರ ಹಿಚ್‌ನ ಬಾಯಿಯಿಂದ ಸುಮಾರು 0.25 ಮೀ ದೂರದಲ್ಲಿ ಬೀಳುತ್ತದೆ ಎಂದುಕೊಂಡರೆ, 91 ಕಿಗ್ರಾಂ ಭಾರದ ಭ್ರಾಮಕ 22.75.

ಈಗ ಸೈಕಲ್‌ಗಳು. ಅವು ಒಂದರ ಹಿಂದೊಂದು 0.3, 0.5, 0.7, 0.9 ಮೀ ದೂರಗಳಲ್ಲಿ ನಿಂತಿರಲಿ. ದೊಡ್ಡ ಸೈಕಲ್‌ಗಳು ಕಾರಿನ ಹತ್ತಿರ ಇದ್ದರೆ:

14 × 0.3 + 14 × 0.5 + 10 × 0.7 + 10 × 0.9 = 27.2

ರ‍್ಯಾಕಿನ ಗುರುತ್ವಕೇಂದ್ರ 0.5 ಮೀ ದೂರದಲ್ಲಿದ್ದರೆ ಅದರ ಭ್ರಾಮಕ 40 × 0.5 = 20. ಒಟ್ಟು 47.2.

ಗಮನಿಸಿ: ಭಾರ ಟ್ರೇಲರಿನದಕ್ಕಿಂತ ಕಡಿಮೆ, ಭ್ರಾಮಕ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು! ಭಾರದ ಮಿತಿಯೊಳಗಿದ್ದರೂ ಹಿಚ್ ಅನುಭವಿಸುವ ತಿರುಚು ಇಮ್ಮಡಿಯಾಗಿದೆ. ಆದ್ದರಿಂದಲೇ ಕಾರಿನ ಕೈಪಿಡಿ, ಹಿಚ್‌ನ ಮೇಲಿನ ಚೀಟಿ, ರ‍್ಯಾಕಿನ ಕೈಪಿಡಿ ಈ ಮೂರರಲ್ಲಿ ಯಾವ ಮಿತಿ ಅತಿ ಚಿಕ್ಕದೋ ಅದನ್ನೇ ಪಾಲಿಸಬೇಕು.

ಚಿಕ್ಕ ಸೈಕಲ್‌ಗಳನ್ನು ಕಾರಿನ ಹತ್ತಿರ, ದೊಡ್ಡವನ್ನು ಕೊನೆಯಲ್ಲಿ ಇಟ್ಟರೆ ಏನಾಗುತ್ತದೆ? ಒಟ್ಟು ಭ್ರಾಮಕ 50.4ಕ್ಕೆ ಏರುತ್ತದೆ. ನೀವೇ ಲೆಕ್ಕ ಮಾಡಿ ತಾಳೆ ನೋಡಿ. ಭಾರವಾದದ್ದು ಕಾರಿಗೆ ಹತ್ತಿರ ಎಂಬುದು ಖರ್ಚಿಲ್ಲದ ಸುರಕ್ಷೆ.

ಒಂದೂಕಾಲು ಅಂಗುಲ, ಎರಡು ಅಂಗುಲ

ಎರಡು ಅಳತೆಗಳ ನಡುವೆ ಇರುವುದು ಮುಕ್ಕಾಲು ಅಂಗುಲದ ವ್ಯತ್ಯಾಸ. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಅಗಲಕ್ಕೆ ನೇರ ಅನುಪಾತದಲ್ಲಿಲ್ಲ. ಕೊಳವೆಯ ಬಾಹು, ಗೋಡೆಯ ದಪ್ಪ ಎರಡೂ ಒಂದೇ ಅನುಪಾತದಲ್ಲಿ ಬೆಳೆದರೆ, ಈ ಶಕ್ತಿ ಅಳತೆಯ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 2ನ್ನು 1.25ರಿಂದ ಭಾಗಿಸಿದರೆ 1.6, ಅದರ ಘನ ಸುಮಾರು 4.1. ಗೋಡೆಯ ದಪ್ಪ ಬದಲಾಗದಿದ್ದರೂ ಶಕ್ತಿ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ನಾಲ್ವರ ಕುಟುಂಬಕ್ಕೆ ಎರಡು ಅಂಗುಲದ ಹಿಚ್ ಏಕೆ ಸೂಕ್ತ ಎಂಬುದಕ್ಕೆ ಉತ್ತರ ಇಲ್ಲಿದೆ. ಕಾರು ಅಂಥ ಹಿಚ್‌ಗೆ ಒಪ್ಪದಿದ್ದರೆ ಎರಡು ಸೈಕಲ್‌ಗಳಿಗೆ ತೃಪ್ತಿಪಡುವುದು ಜಾಣತನ.

ಚಿಕ್ಕ ಬಾಯಿಗೆ ದೊಡ್ಡ ರ‍್ಯಾಕ್ ಹೊಂದಿಸುವ ಅಥವಾ ದಂಡವನ್ನು ಉದ್ದಮಾಡುವ ಜೋಡಣೆಗಳು ಮಾರಾಟಕ್ಕಿವೆ. ಇವು ಬಾಯಿಯನ್ನು ಹೊಂದಿಸುತ್ತವೆಯೇ ಹೊರತು ಹಿಚ್‌ಗೆ ಶಕ್ತಿ ತುಂಬುವುದಿಲ್ಲ. ಉದ್ದ ಮಾಡಿದರೆ ದೂರ ಹೆಚ್ಚಿ ಭ್ರಾಮಕವೂ ಹೆಚ್ಚುತ್ತದೆ. ಇಂಥ ಜೋಡಣೆ ಹಾಕಿದರೆ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆಂದು ತಯಾರಕರೇ ಎಚ್ಚರಿಸುವುದುಂಟು.

ಎತ್ತಿನ ಗಾಡಿಯ ಪಾಠ

ಎತ್ತಿನ ಗಾಡಿಗೆ ಹುಲ್ಲು ಹೇರುವವರನ್ನು ನೋಡಿದ್ದೀರಾ? ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಗಾಡಿ ಹಿಂಭಾರವಾಗುತ್ತದೆ; ಮೂಕಿ ಮೇಲೆದ್ದು ನೊಗ ಎತ್ತುಗಳ ಹೆಗಲಿನಿಂದ ಎದ್ದುಹೋಗುತ್ತದೆ. ಕಾರಿನಲ್ಲೂ ಹಿಂದಿನ ಅಚ್ಚೇ ಆಧಾರಬಿಂದು. ಹಿಂದೆ ಭಾರ ಹೇರಿದರೆ ಮುಂದಿನ ಗಾಲಿಗಳು ಹಗುರವಾಗುತ್ತವೆ.

ಎಷ್ಟು ಹಗುರ? ಎರಡು ಅಚ್ಚುಗಳ ನಡುವೆ 2.7 ಮೀ ಅಂತರವಿದ್ದು, 88 ಕಿಗ್ರಾಂ ಭಾರ ಹಿಂದಿನ ಅಚ್ಚಿನಿಂದ 1.5 ಮೀ ಹಿಂದಿದೆ ಎನ್ನೋಣ. ಆಗ 88 × 1.5 ÷ 2.7 = ಸುಮಾರು 49. ಅಂದರೆ ಮುಂದಿನ ಗಾಲಿಗಳ ಮೇಲಿನ ಭಾರ 49 ಕಿಗ್ರಾಂ ಕಡಿಮೆಯಾಯಿತು. ಹಿಂದಿನ ಗಾಲಿಗಳ ಮೇಲೆ 88 + 49 = 137 ಕಿಗ್ರಾಂ ಹೆಚ್ಚಾಯಿತು. ನಾವು ಹೇರಿದ್ದು 88, ಹಿಂದಿನ ಗಾಲಿಗಳು ಹೊತ್ತದ್ದು 137!

ಕಾರನ್ನು ತಿರುಗಿಸುವುದು ಮುಂದಿನ ಗಾಲಿಗಳು. ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಅವುಗಳದೇ. ಅವು ಹಗುರವಾದರೆ ನೆಲದೊಂದಿಗಿನ ಘರ್ಷಣೆ ಕುಗ್ಗುತ್ತದೆ. ಹೆಡ್‌ಲೈಟಿನ ಬೆಳಕು ಮೇಲಕ್ಕೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಡಿಕ್ಕಿಯಲ್ಲಿನ ಭಾರದ ಸಾಮಾನನ್ನು ಮುಂದಕ್ಕೆ ಸರಿಸುವುದು ಇದಕ್ಕೆ ಭಾಗಶಃ ಪರಿಹಾರ. ಪ್ರಯಾಣಿಕರು ಮತ್ತು ಸಾಮಾನು ಸೇರಿ ಕಾರು ಎಷ್ಟು ಹೊರಬಹುದೆಂಬ ಚೀಟಿ ಅಲ್ಲಿನ ಕಾರುಗಳಲ್ಲಿ ಚಾಲಕನ ಬಾಗಿಲಿನ ಬಳಿ ಇರುತ್ತದೆ. ರ‍್ಯಾಕು, ಸೈಕಲ್‌ಗಳೂ ಆ ಲೆಕ್ಕದೊಳಗೆ ಬರಬೇಕು.

ತೂಗುವುದೋ, ಕೂರುವುದೋ?

ಹಿಚ್‌ನ ರ‍್ಯಾಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ತೂಗು ಮಾದರಿಯಲ್ಲಿ ಎರಡು ತೋಳುಗಳ ಮೇಲೆ ಸೈಕಲ್ಲಿನ ಅಡ್ಡಬಾರನ್ನು ಇಟ್ಟು ಪಟ್ಟಿಯಿಂದ ಬಿಗಿಯುತ್ತಾರೆ. ಇದು ಹಗುರ, ಬೆಲೆಯೂ ಕಡಿಮೆ. ತೋಳಿಗೆ ಜೋತುಬಿದ್ದ ಸೈಕಲ್ ಲೋಲಕದಂತೆ ಓಲಾಡುತ್ತದೆ. ಒಂದರ ಪೆಡಲು ಇನ್ನೊಂದರ ಕಡ್ಡಿಗಳಿಗೆ ತಾಗುತ್ತದೆ. ಇದನ್ನು ತಡೆಯಲು ಸೀಟಿನ ಕೆಳಗಿನ ಕೊಳವೆಯನ್ನೂ ಹಿಡಿಯುವ ಮೂರನೆಯ ಹಿಡಿಕೆ ಇರುವ ರ‍್ಯಾಕನ್ನು ಆರಿಸಬೇಕು. ಕುಟುಂಬಕ್ಕೆ ಇನ್ನೊಂದು ತೊಡಕಿದೆ. ಲೇಡೀಸ್ ಸೈಕಲ್‌ಗಳಿಗೆ ಮತ್ತು ಮಕ್ಕಳ ಅನೇಕ ಸೈಕಲ್‌ಗಳಿಗೆ ನೇರವಾದ ಅಡ್ಡಬಾರ್ ಇರುವುದಿಲ್ಲ. ಸೀಟಿಗೂ ಹ್ಯಾಂಡಲಿಗೂ ನಡುವೆ ತಾತ್ಕಾಲಿಕ ದಂಡವೊಂದನ್ನು ಜೋಡಿಸಬೇಕಾಗುತ್ತದೆ.

ತಟ್ಟೆ ಮಾದರಿಯಲ್ಲಿ ಸೈಕಲ್ಲಿನ ಎರಡೂ ಗಾಲಿಗಳು ಕಾಲುವೆಯಂಥ ತಟ್ಟೆಯಲ್ಲಿ ಕೂರುತ್ತವೆ. ಅಡ್ಡಬಾರ್ ಇರಲೇಬೇಕೆಂದಿಲ್ಲ, ಓಲಾಟವೂ ಕಡಿಮೆ. ಮಕ್ಕಳ ಚಿಕ್ಕ ಗಾಲಿ ತಟ್ಟೆಗೆ ಹೊಂದುವುದೇ ಎಂದು ಮಾತ್ರ ನೋಡಿಕೊಳ್ಳಬೇಕು. ಆದರೆ ಈ ಮಾದರಿಯ ಸ್ವಂತ ತೂಕ ಹೆಚ್ಚು. ಹಿಂದಿನ ಲೆಕ್ಕದಲ್ಲಿ 47.2ರ ಪೈಕಿ 20ರಷ್ಟು ರ‍್ಯಾಕಿನದೇ ಎಂಬುದನ್ನು ನೆನಪಿಡಿ.

ವಿದ್ಯುತ್ ಸೈಕಲ್ ಇದ್ದರೆ ತಟ್ಟೆ ಮಾದರಿಯೇ ಲೇಸು. 25 ಕಿಗ್ರಾಂ ಸೈಕಲ್ಲನ್ನು ಕಾರಿನ ಛಾವಣಿಗೆ, ಅಂದರೆ 1.6 ಮೀ ಎತ್ತರಕ್ಕೆ, ಏರಿಸಲು 25 × 9.8 × 1.6 = 392 ಜೂಲ್ ಕೆಲಸ ಬೇಕು. 0.6 ಮೀ ಎತ್ತರದ ತಟ್ಟೆಗಾದರೆ 147 ಜೂಲ್ ಸಾಕು. ಒಟ್ಟು ಮಿತಿಯಲ್ಲದೆ, ತಟ್ಟೆಯೊಂದಕ್ಕೆ ಇಷ್ಟೇ ಎಂಬ ಮಿತಿಯೂ ಇರುತ್ತದೆ. ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಇಟ್ಟರೆ ಕೆಲವು ಕಿಗ್ರಾಂ ಇಳಿಯುತ್ತದೆ.

ಅಲುಗಾಟ ಮತ್ತು ಲೋಹದ ದಣಿವು

ಹಿಚ್‌ನ ಬಾಯಿಗೂ ರ‍್ಯಾಕಿನ ದಂಡಕ್ಕೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. 15 ಸೆಂಮೀ ಒಳಹೊಕ್ಕ ದಂಡದಲ್ಲಿ 1 ಮಿಮೀ ಸಡಿಲವಿದ್ದರೆ, ಸಮರೂಪ ತ್ರಿಭುಜಗಳ ನಿಯಮದಂತೆ 90 ಸೆಂಮೀ ದೂರದ ಸೈಕಲ್ 6 ಮಿಮೀ ಅಲುಗುತ್ತದೆ. ರಸ್ತೆಯ ಉಬ್ಬುತಗ್ಗಿನಲ್ಲಿ ಕಾರಿನ ಹಿಂಭಾಗ ಗುರುತ್ವ ವೇಗೋತ್ಕರ್ಷದಷ್ಟೇ ವೇಗೋತ್ಕರ್ಷದಿಂದ ಮೇಲಕ್ಕೆ ಚಿಮ್ಮಿದರೆ, ಆ ಕ್ಷಣ ಹಿಚ್ ಅನುಭವಿಸುವ ಭಾರ ಇಮ್ಮಡಿ. ಇಂಥ ಪೆಟ್ಟು ಸಾವಿರಾರು ಬಾರಿ ಬಿದ್ದಾಗ, ಒಂದೇ ಸಲಕ್ಕೆ ಮುರಿಯದ ಲೋಹವೂ ಬಿರುಕುಬಿಡುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ತುಂಡುಮಾಡುತ್ತೇವಲ್ಲ, ಹಾಗೆ. ಇದು ಲೋಹದ ದಣಿವು. ಆದ್ದರಿಂದ ಸಡಿಲವನ್ನು ನುಂಗುವ ಬಿಗಿಬೋಲ್ಟು ಅಥವಾ ಬೆಣೆ ಇರುವ ರ‍್ಯಾಕನ್ನೇ ಕೊಳ್ಳಬೇಕು. ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಂತು ಬೋಲ್ಟು, ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಟ್ರೇಲರಿನ ಹಿಂದೆ ಈ ಕುಣಿತ ಇನ್ನೂ ಜೋರು. ಅಲ್ಲಿಗೆಂದೇ ತಯಾರಿಸಿದ ರ‍್ಯಾಕಲ್ಲದೆ ಬೇರೆಯದು ಸಲ್ಲದು.

ಕೊಳ್ಳುವ ಮೊದಲು

• ಸೈಕಲ್‌ಗಳನ್ನು ತೂಗಿ, ರ‍್ಯಾಕಿನ ತೂಕವನ್ನೂ ಕೂಡಿಸಿ. ಮಕ್ಕಳು ಬೆಳೆದಂತೆ ಅವರ ಸೈಕಲ್ಲೂ ಬೆಳೆಯುತ್ತದೆ ಎಂಬುದನ್ನು ಮರೆಯಬೇಡಿ.

• ಸೈಲೆನ್ಸರ್ ಕೊಳವೆಯ ಬಾಯಿಗೆ ಟೈರು ಎದುರಾಗದಿರಲಿ. ಬಿಸಿ ಅನಿಲಕ್ಕೆ ರಬ್ಬರು ಕರಗಬಹುದು.

• ನಂಬರ್ ಪ್ಲೇಟು, ಹಿಂದಿನ ದೀಪಗಳು ಮರೆಯಾಗದಿರಲಿ. ಕ್ಯಾಲಿಫೋರ್ನಿಯದಲ್ಲಿ ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣಬೇಕೆಂಬ ಕಾನೂನಿದೆ.

• 2018ರ ಮೇ ತಿಂಗಳಿಂದ ಅಮೆರಿಕದ ಹೊಸ ಕಾರುಗಳಿಗೆ ಹಿಂಬದಿಯ ಕ್ಯಾಮರಾ ಕಡ್ಡಾಯ. ರ‍್ಯಾಕ್ ಅದಕ್ಕೆ ಅಡ್ಡಬರಬಹುದು. ಹಿಂದಕ್ಕೆ ಬರುವಾಗ ಒಬ್ಬರು ಇಳಿದು ನೋಡುವುದು ಕ್ಷೇಮ.

ಮಾಡಿ ನೋಡಿ

ಒಂದು ಮೀಟರ್ ಉದ್ದದ ಮರದ ಅಳತೆಪಟ್ಟಿಯನ್ನು ಮೇಜಿನ ಅಂಚಿನಿಂದ 30 ಸೆಂಮೀ ಹೊರಗೆ ಚಾಚಿಸಿ, ಒಳಭಾಗವನ್ನು ಮೇಜಿಗೆ ಬಿಗಿಯಾಗಿ ಅದುಮಿಡಿ. ತುದಿಗೆ 200 ಗ್ರಾಂ ತೂಕ ತೂಗಹಾಕಿ, ತುದಿ ಎಷ್ಟು ಮಿಮೀ ತಗ್ಗಿತೆಂದು ಅಳೆಯಿರಿ. ಈಗ ಪಟ್ಟಿಯನ್ನು 60 ಸೆಂಮೀ ಚಾಚಿಸಿ ಅದೇ ತೂಕದಿಂದ ಪ್ರಯೋಗ ಮಾಡಿ. ತೂಕ ಹಾಕುವ ಮೊದಲು ತುದಿ ಎಲ್ಲಿತ್ತೋ ಅಲ್ಲಿಂದಲೇ ಪ್ರತಿ ಬಾರಿ ಅಳೆಯಬೇಕು. ಉದ್ದ ಎರಡು ಪಟ್ಟಾದರೆ ಭ್ರಾಮಕವೂ ಎರಡು ಪಟ್ಟಾಗುತ್ತದೆ. ತಗ್ಗು ಮಾತ್ರ ಎಂಟು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಏಕೆಂದರೆ ಅದು ಉದ್ದದ ಘನವನ್ನು ಅನುಸರಿಸುತ್ತದೆ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದ ಬಳಿಕ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: ಎರಡು ದೊಡ್ಡ, ಎರಡು ಚಿಕ್ಕ ಸೈಕಲ್‌ಗಳನ್ನು ಕಾರಿನ ಹಿಂದೆ ಯಾವ ಕ್ರಮದಲ್ಲಿ ಇಡುತ್ತೀರಿ, ಏಕೆ?