ಹುಳುಕಡ್ಡಿಗೆ ಮಿಶ್ರ ಮುಲಾಮು ಬೇಕೆ?

ದೋಣಿಗಲ್, ಸಕಲೇಶಪುರ, ಆಲೂರಿನ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ತೋಟದ ಕೆಲಸಕ್ಕೆ ಹೋಗುವವರ ಕಾಲು ದಿನವಿಡೀ ಗಂಬೂಟಿನೊಳಗೆ ಬೆವರುತ್ತದೆ. ಒಗೆದ ಬಟ್ಟೆ ಎರಡು ದಿನ ಒಲೆಯ ಮೇಲಿನ ಹಗ್ಗದಲ್ಲಿ ನೇತಾಡಿದರೂ ಸೊಂಟದ ಪಟ್ಟಿಯ ಬಳಿ ತೇವ ಉಳಿದೇ ಇರುತ್ತದೆ. ಚರ್ಮದ ಶಿಲೀಂಧ್ರಕ್ಕೆ ಬೇಕಾದದ್ದು ಇದೇ. ತೊಡೆಸಂದು, ಸೊಂಟ, ಕಂಕುಳುಗಳಲ್ಲಿ ಉಂಗುರದಂತೆ ಕೆಂಪಗೆ ಹರಡಿ, ವಿಪರೀತ ತುರಿಸುವ ಹುಳುಕಡ್ಡಿ ಕಾಣಿಸಿಕೊಳ್ಳುತ್ತದೆ. ಹೆಸರಿನಲ್ಲಿ ಹುಳು ಇದ್ದರೂ ಇದಕ್ಕೆ ಕಾರಣ ಹುಳುವಲ್ಲ, ಬೂಸ್ಟಿನ ಜಾತಿಯ ಶಿಲೀಂಧ್ರ.

ತುರಿಕೆ ತಾಳಲಾರದೆ ಹೆಚ್ಚಿನವರು ನೇರವಾಗಿ ಔಷಧಿ ಅಂಗಡಿಗೆ ಹೋಗಿ ‘ಬೇಗ ವಾಸಿಯಾಗುವ ಟ್ಯೂಬ್’ ಕೇಳುತ್ತಾರೆ. ಹಾಗೆ ಕೈಗೆ ಬರುವ ಟ್ಯೂಬಿನಲ್ಲಿ ಅನೇಕ ವೇಳೆ ಶಿಲೀಂಧ್ರನಾಶಕದ ಜೊತೆಗೆ ಕ್ಲೋಬೆಟಸಾಲ್, ಬೀಟಾಮೆಥಸೋನ್‌ನಂಥ ಪ್ರಬಲ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡೇ ದಿನದಲ್ಲಿ ತುರಿಕೆ ಮಾಯ! ಆದರೆ ಬಿಟ್ಟ ವಾರದೊಳಗೆ ಉಂಗುರ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ.

ಇದು ಏಕೆಂದು ತಿಳಿಯಲು ಕೆಂಪು ಹೇಗೆ ಬರುತ್ತದೆಂದು ನೋಡಬೇಕು. ಶಿಲೀಂಧ್ರ ಚರ್ಮದ ಮೇಲುಪದರದಲ್ಲಿ ಬೇರೂರಿದಾಗ ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸುತ್ತವೆ. ಅವು ಆಮ್ಲಜನಕದ ತೀವ್ರ ರೂಪಗಳನ್ನು ಶತ್ರುವಿನ ಮೇಲೆ ಎರಚುತ್ತವೆ. ನಮ್ಮ ಚರ್ಮದ ಕಣಗಳಿಗೂ ಅದು ತಗಲುತ್ತದೆ. ಜೊತೆಗೆ ಲ್ಯೂಕೋಟ್ರೈನ್ ಮೊದಲಾದ ರಾಸಾಯನಿಕಗಳು ತಯಾರಾಗಿ ಇನ್ನಷ್ಟು ಬಿಳಿಕಣಗಳನ್ನು ಕರೆಯುತ್ತವೆ. ಇದೇ ಉರಿಯೂತ. ಸ್ಟಿರಾಯ್ಡ್ ಈ ಇಡೀ ಕಾವಲನ್ನೇ ಮಲಗಿಸಿಬಿಡುತ್ತದೆ. ಉರಿ ಇಳಿಯುತ್ತದೆ, ಶಿಲೀಂಧ್ರಕ್ಕೆ ಹಾದಿ ಸಲೀಸಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ ಸೀಳುಗೆರೆಗಳು ಬೀಳುತ್ತವೆ. ಹರೆಯದ ಮಕ್ಕಳಲ್ಲಿ ಬಿದ್ದ ಈ ಗೆರೆಗಳು ಪೂರ್ತಿ ಅಳಿಯುವುದಿಲ್ಲ.

ಹೆಚ್ಚಿನ ಜನರಿಗೆ ತಿಳಿಯದ ವಿಷಯವೆಂದರೆ, ಉರಿಯೂತವನ್ನು ಸ್ವಲ್ಪಮಟ್ಟಿಗೆ ಶಮನ ಮಾಡುವ ಗುಣ ಕೆಲವು ಶಿಲೀಂಧ್ರನಾಶಕಗಳಲ್ಲಿಯೇ ಇದೆ. ಕಿಟೊಕೊನಜೋಲ್ ಶಿಲೀಂಧ್ರದ ಹೊರಪೊರೆಗೆ ಬೇಕಾದ ಎರ್ಗೋಸ್ಟಿರಾಲ್ ತಯಾರಿಯನ್ನು ತಡೆಯುವುದಷ್ಟೇ ಅಲ್ಲ, ಲ್ಯೂಕೋಟ್ರೈನ್ ತಯಾರಿಸುವ ಕಿಣ್ವಕ್ಕೂ ಅಡ್ಡ ನಿಲ್ಲುತ್ತದೆ. ಸೈಕ್ಲೋಪಿರಾಕ್ಸ್ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು, ತೀವ್ರ ಆಮ್ಲಜನಕದ ಕಣಗಳನ್ನೂ ಹೀರಿಕೊಳ್ಳುತ್ತದೆ. ಅಂದರೆ ಅದು ಆಂಟಿ ಆಕ್ಸಿಡೆಂಟ್ ಕೂಡ. ಇವುಗಳಲ್ಲಿ ಬಹುಪಾಲು ಪ್ರಯೋಗಾಲಯದಲ್ಲಿ ಕಂಡದ್ದು, ಸ್ಟಿರಾಯ್ಡ್‌ನ ವೇಗವನ್ನು ಇವುಗಳಿಂದ ನಿರೀಕ್ಷಿಸಬಾರದು. ಆದರೂ ತಲೆಹೊಟ್ಟಿನ ಉಗ್ರ ರೂಪವಾದ, ಮೂಗಿನ ಪಕ್ಕ, ಹುಬ್ಬುಗಳಲ್ಲಿ ಕೆಂಪಗೆ ಸಿಪ್ಪೆ ಏಳುವ ಕಾಯಿಲೆಯಲ್ಲಿ ಶೇ 2ರ ಕಿಟೊಕೊನಜೋಲ್ ಮುಲಾಮು ಸೌಮ್ಯ ಸ್ಟಿರಾಯ್ಡ್‌ಗೆ ಸರಿಗಟ್ಟುವ ಫಲ ಕೊಟ್ಟಿದೆ. ಹುಳುಕಡ್ಡಿಯಲ್ಲಂತೂ ಶಿಲೀಂಧ್ರ ಸಾಯುತ್ತಿದ್ದಂತೆ ಉರಿಯ ಮೂಲವೇ ಹೋಗುತ್ತದೆ. ನಾಲ್ಕಾರು ದಿನ ತಾಳ್ಮೆ ಬೇಕು, ಅಷ್ಟೆ. ರಾತ್ರಿಯ ತುರಿಕೆಗೆ ವೈದ್ಯರು ಬೇರೆ ಮಾತ್ರೆ ಕೊಡಬಲ್ಲರು.

2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಕಾಗದದಲ್ಲಿದೆ, ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ನೀವೇ ಓದಿಕೊಳ್ಳುವುದು ಕ್ಷೇಮ.

ಇನ್ನೊಂದು ತೊಡಕಿದೆ. ನಮ್ಮ ದೇಶದಲ್ಲಿ ಈಗ ವ್ಯಾಪಿಸಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದೇ ಹೆಸರಿಡಲಾಗಿದೆ. ಇದರ ಅನೇಕ ತಳಿಗಳು ಟರ್ಬಿನಾಫಿನ್ ಮಾತ್ರೆಗೆ ಬಗ್ಗುವುದಿಲ್ಲ. ಆದ್ದರಿಂದ ನೆರೆಮನೆಯವರಿಗೆ ಹಿಡಿಸಿದ ಮಾತ್ರೆ ನಿಮಗೂ ಹಿಡಿಸಬೇಕೆಂದಿಲ್ಲ. ಕಿಟೊಕೊನಜೋಲ್ ಮಾತ್ರೆಯನ್ನಂತೂ ಹುಳುಕಡ್ಡಿಗೆ ನುಂಗಲೇಬೇಡಿ, ಅದು ಯಕೃತ್ತಿಗೆ ಅಪಾಯಕಾರಿ. ಮುಲಾಮು ಹಾಗಲ್ಲ. ಅದನ್ನು ಉಂಗುರದ ಅಂಚಿನಿಂದ ಎರಡು ಬೆರಳಷ್ಟು ಆಚೆಗೂ ಹಚ್ಚಿ, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಮನೆಯಲ್ಲಿ ಇನ್ನಾರಿಗಾದರೂ ತುರಿಕೆಯಿದ್ದರೆ ಅವರಿಗೂ ಒಟ್ಟಿಗೇ ಚಿಕಿತ್ಸೆಯಾಗಲಿ. ಒಂದೇ ಟವೆಲ್ ಬೇಡ. ಒಳಉಡುಪನ್ನು ತೊಡುವ ಮುನ್ನ ಇಸ್ತ್ರಿ ಹಾಕಿ, ಸೊಂಟದ ಪಟ್ಟಿಯ ಮೇಲೆ ಪೆಟ್ಟಿಗೆಯನ್ನು ಎರಡು ಸಲ ಹೆಚ್ಚಿಗೆ ಎಳೆಯಿರಿ.