ನಮ್ಮ ಬೆಟ್ಟ, ನಮ್ಮ ಬಾವಿ



ನಮ್ಮ ಶಿರಸಿ ಸೀಮೆಯಲ್ಲಿ ಸೊಪ್ಪಿನ ಬೆಟ್ಟ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಆದರೆ ಬೆಟ್ಟಕ್ಕೂ ಬಾವಿಗೂ ಏನು ಸಂಬಂಧ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮದು 1 ಎಕರೆ ಅಡಿಕೆ ತೋಟ. ಅದರ ಮೇಲ್ಗಡೆ 5 ಎಕರೆ ಬೆಟ್ಟ. ಬ್ರಿಟಿಷರ ಕಾಲದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುತ್ತಿದ್ದರಂತೆ. ಭೂಮಿ ಸರ್ಕಾರದ್ದು, ಸೊಪ್ಪು, ದರಕು ತರುವ ಹಕ್ಕು ಮಾತ್ರ ರೈತರದು. ಸೊಪ್ಪು ಕೊಟ್ಟಿಗೆಗೆ ಹೋಗಿ, ದನದ ಕಾಲಡಿಯಲ್ಲಿ ಗೊಬ್ಬರವಾಗಿ, ತೋಟಕ್ಕೆ ಸೇರುತ್ತದೆ. ಹಾಗಾಗಿ ಬೆಟ್ಟ ಇಲ್ಲದೆ ತೋಟ ಇಲ್ಲ.

ನಮ್ಮ ಬೆಟ್ಟದಲ್ಲಿ ವರ್ಷವರ್ಷವೂ ತುದಿಯವರೆಗೆ ಸೊಪ್ಪು ಕಡಿದು ಮರಗಳು ಕಂಬದ ಹಾಗೆ ಆಗಿದ್ದವು. ಬಿದ್ದ ದರಕನ್ನೂ ಬಿಡದೆ ಗುಡಿಸಿ ತರುತ್ತಿದ್ದೆವು. ನೆಲ ಬೋಳಾಗಿ, ಜಂಬಿಟ್ಟಿಗೆ ಮಣ್ಣು ಕಲ್ಲಿನಂತೆ ಗಟ್ಟಿಯಾಯಿತು. ಮಳೆ ಬಿದ್ದರೆ ಕೆಂಪು ನೀರು ಸೀದಾ ಹಳ್ಳಕ್ಕೆ.

2016ರ ಏಪ್ರಿಲ್‌ನಲ್ಲಿ ನಮ್ಮ ಬಾವಿ ತಳ ಕಂಡಿತು. ಆಗ ನಾನು ಚಿಕ್ಕವನು. ಆಯಿ ಎರಡು ಕೊಡ ಹಿಡಿದು ಪಕ್ಕದ ಕೇರಿಗೆ ಹೋಗುವಾಗ ನಾನು ಚೊಂಬು ಹಿಡಿದು ಹಿಂದೆ ಹೋಗುತ್ತಿದ್ದೆ. ಒಂದು ದಿನ ಆ ಮನೆಯವರೂ “ನಮಗೇ ಸಾಲ್ತಾ ಇಲ್ಲ, ನಾಳಿಂದ ಬರಬೇಡಿ” ಅಂದುಬಿಟ್ಟರು. ಆಯಿ ಖಾಲಿ ಕೊಡ ತಂದು ಜಗಲಿಯ ಮೇಲೆ ಇಟ್ಟದ್ದು ನನಗೆ ಈಗಲೂ ನೆನಪಿದೆ.

ಆ ವರ್ಷವೇ ಅಪ್ಪ ಬೆಟ್ಟ ಕಾಯುವ ಕೆಲಸ ಶುರು ಮಾಡಿದರು. ಅವರು ಮಾಡಿದ್ದು ಹೀಗೆ:

1. ದನ ನುಗ್ಗದಂತೆ ಸುತ್ತ ಅಗಳ ತೆಗೆದು, ಬೇಲಿ ಕಟ್ಟಿದರು.

2. ಬೆಟ್ಟವನ್ನು ನಾಲ್ಕು ಪಾಲು ಮಾಡಿದರು. ವರ್ಷಕ್ಕೆ ಒಂದೇ ಪಾಲಿನಲ್ಲಿ ಸೊಪ್ಪು ಕಡಿಯುವುದು, ಮರದ ತುದಿ ಮುಟ್ಟುವುದಿಲ್ಲ.

3. ಇಳಿಜಾರಿಗೆ ಅಡ್ಡವಾಗಿ 60 ಇಂಗುಗುಂಡಿ ತೋಡಿದರು. ಒಂದೊಂದೂ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ.

ಇದರ ಲೆಕ್ಕವನ್ನು ವಿಜ್ಞಾನದ ಮೇಷ್ಟ್ರು ನನಗೆ ಹೇಳಿಕೊಟ್ಟರು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಅಂದರೆ 1 ಎಕರೆ ಬೆಟ್ಟದ ಮೇಲೆ ಸುಮಾರು 1 ಕೋಟಿ ಲೀಟರ್! ನಮ್ಮ ಗುಂಡಿಗಳು ಒಂದು ಸಲ ತುಂಬಿದರೆ ಹಿಡಿಯುವುದು 40 ಸಾವಿರ ಲೀಟರ್ ಚಿಲ್ಲರೆ. ಹಾಗಾಗಿ ಗುಂಡಿ ಒಂದೇ ಸಾಲದು. ಮರದ ಎಲೆ ಮಳೆಯ ಹೊಡೆತ ತಡೆಯಬೇಕು, ನೆಲದ ಮೇಲಿನ ದರಕು ನೀರಿನ ಓಟ ತಡೆಯಬೇಕು, ಬೇರುಗಳು ಮಣ್ಣು ಸಡಿಲ ಮಾಡಬೇಕು. ಆಗ ನೀರು ನಿಧಾನವಾಗಿ ಇಂಗುತ್ತದೆ.

ಆದರೆ ಇದೆಲ್ಲ ಪುಕ್ಕಟೆ ಆಗಲಿಲ್ಲ. ಸೊಪ್ಪು, ಮೇವು ಕಡಿಮೆಯಾಗಿ ಐದು ದನಗಳಲ್ಲಿ ಮೂರನ್ನು ಕೊಡಬೇಕಾಯಿತು. ಡೇರಿಗೆ ಹಾಲು ಹಾಕಿ ಆಯಿಗೆ ಬರುತ್ತಿದ್ದ ದುಡ್ಡು ನಿಂತಿತು. “ಸೊಪ್ಪಿಲ್ದೆ ಕೊಟ್ಟಿಗೆ ಹ್ಯಾಂಗ್ ನಡೀತದೆ?” ಅಂತ ಅಜ್ಜಿ ಅಪ್ಪನ ಹತ್ತಿರ ಎಷ್ಟೋ ದಿನ ಮಾತೇ ಬಿಟ್ಟಿದ್ದಳು. ಮೇ ರಜೆಯಲ್ಲಿ ಗುಂಡಿಯ ಹೂಳು ತೆಗೆಯುವ ಕೆಲಸ ನನಗೂ ಅಕ್ಕನಿಗೂ. ನನ್ನ ಕೈಯಲ್ಲಿ ಬೊಕ್ಕೆ ಬಂದಿವೆ, ಸುಳ್ಳಲ್ಲ!

ಈಗ ಬೆಟ್ಟ ನೋಡಬೇಕು. ಹೊಸ ಗಿಡ ನೆಟ್ಟದ್ದು ಕಡಿಮೆ. ಬೇರಿನಲ್ಲಿ ಜೀವ ಇದ್ದುದರಿಂದ ಮತ್ತಿ, ಹೊನ್ನೆ, ನೇರಳೆ ತಾವೇ ಚಿಗುರಿ ಎದ್ದವು. ಹಣ್ಣು ತಿನ್ನಲು ಮಂಗಟ್ಟೆ ಹಕ್ಕಿ ಬರುತ್ತದೆ, ಬೀಜ ಉದುರಿಸಿ ಹೋಗುತ್ತದೆ. ಉಪ್ಪಾಗೆ, ಮುರುಗಲು ಹಣ್ಣು ಒಣಗಿಸಿ ಮಾರಿ ಆಯಿಗೆ ಸ್ವಲ್ಪ ದುಡ್ಡು ಆಗುತ್ತಿದೆ. ಮಂಗನ ಕಾಟ ಮಾತ್ರ ಹೆಚ್ಚಾಗಿದೆ. ಬಾವಿಯಲ್ಲಿ ಹೋದ ಬೇಸಿಗೆಯ ಮೇ ಕೊನೆಗೂ ಕೊಡ ಮುಳುಗುವಷ್ಟು ನೀರಿತ್ತು.

ಈ ವರ್ಷ ಚಿಕ್ಕಪ್ಪ, “ಬೆಟ್ಟದ ಕೆಳಗಿನ ಪಾಲು ಕಡಿದು ಅಡಿಕೆ ಹಾಕುವಾ” ಅಂದರು. ಅಪ್ಪ ಉತ್ತರ ಕೊಡುವ ಮೊದಲೇ ಅಜ್ಜಿ, “ಅಡಿಕೆಗೆ ನೀರು ಎಲ್ಲಿಂದ ತರ್ತೀಯೋ?” ಅಂತ ಕೇಳಿದಳು. ಚಿಕ್ಕಪ್ಪ ಸುಮ್ಮನಾದರು. ಆದರೆ ಆ ಮಾತು ಇನ್ನೂ ಪೂರ್ತಿ ಮುಗಿದಿಲ್ಲ.

1983ರ ಸೆಪ್ಟೆಂಬರ್ 8ರಂದು ನಮ್ಮ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವವರನ್ನು ತಡೆದರು. ಅದೇ ಅಪ್ಪಿಕೋ ಚಳವಳಿ. ಅಲ್ಲಿ ಕೊಡಲಿ ಹಿಡಿದು ಬಂದವರು ಬೇರೆಯವರು. ಸೊಪ್ಪಿನ ಬೆಟ್ಟದಲ್ಲಿ ಕತ್ತಿ ಇರುವುದು ನಮ್ಮ ಕೈಯಲ್ಲೇ. ಅದಕ್ಕೇ ಇದು ಹೆಚ್ಚು ಕಷ್ಟ ಅಂತ ನನಗೆ ಅನಿಸುತ್ತದೆ.

ಗೆಳೆಯರೇ, ನಿಮ್ಮ ಬಾವಿ ಯಾವ ದಿನ ತಳ ಕಾಣುತ್ತದೆ ಎಂದು ಪ್ರತಿವರ್ಷ ಗೋಡೆಯ ಮೇಲೆ ಮಸಿಯಿಂದ ಬರೆದಿಡಿ. ಆಮೇಲೆ ಒಮ್ಮೆ ಬೆಟ್ಟ ಹತ್ತಿ ನೋಡಿ ಬನ್ನಿ. ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

— 9ನೇ ತರಗತಿಯ ವಿದ್ಯಾರ್ಥಿ