ಆಶ್ಲೇಷ ಮಳೆಗೆ ಬರುವ ನೆಂಟರು

ನಮ್ಮಲ್ಲಿ ರಾಗಿಗೆ ಕುಂಟೆ ಹೊಡೆಯುವ ಹೊತ್ತಿಗೆ ಸೈಬೀರಿಯಾದಲ್ಲಿ ಬೇಸಗೆ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿಂದ ಹೊರಟ ಹಕ್ಕಿಗಳು ಸಾಸಲು ಸೀಮೆಯ ಕೆರೆ, ಹೊಲಗಳಿಗೆ ಬಂದು ಇಳಿಯುತ್ತವೆ. ಯಾವ ಮಳೆಗೆ ಯಾವ ಹಕ್ಕಿ? ಅವು ಬಂದರೆ ರೈತನಿಗೇನು?

"ಏನಣ್ಣಾ, ಬೆಳಬೆಳಗ್ಗೇನೇ ಏರಿ ಮೇಲೆ ನಿಂತ್ಕಂಡು ಏನ್ ನೋಡ್ತಿದೀಯಾ?"

"ನೆಂಟ್ರು ಬಂದವ್ರೆ ಕಣಪ್ಪಾ, ಸೈಬೀರಿಯಾದಿಂದ."

ಪಕ್ಕದ ಹೊಲದ ಹುಡುಗ ನಕ್ಕ. ಕೆರೆಯಂಚಿನ ಕೆಸರಿನಲ್ಲಿ ಗುಬ್ಬಿಗಿಂತ ದೊಡ್ಡದಾದ, ಉದ್ದ ಕಾಲಿನ ಒಂದು ಕಂದು ಹಕ್ಕಿ ಓಡಾಡುತ್ತಿತ್ತು. ಹತ್ತಿರ ಹೋದೆವು. ಪುರ್ರನೆ ಎದ್ದಿತು. ಹಾರುವಾಗ ಬಾಲದ ಬುಡ ಅಚ್ಚ ಬಿಳಿ. ಅದೇ ಹಸಿರು ಗೊರವ. ಹೆಸರಷ್ಟೇ ಹಸಿರು, ಮೈಯಲ್ಲಿ ಹಸಿರಿಲ್ಲ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ. ನಾಲೆ ನೀರಿಲ್ಲ. ಮಳೆ, ಕೆರೆ, ಬೋರು ಇವೇ ಗತಿ. ರಾಗಿ, ಅದರ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಈಚೆಗೆ ಮುಸುಕಿನ ಜೋಳ ಹೆಚ್ಚು. ಇಂಥ ಕಡೆ ವಿದೇಶಿ ಹಕ್ಕಿ ಬರುತ್ತದೆಂದರೆ ಯಾರೂ ನಂಬುವುದಿಲ್ಲ. ಅದಕ್ಕೆ ರಂಗನತಿಟ್ಟಿಗೆ ಹೋಗಬೇಕು ಎನ್ನುತ್ತಾರೆ. ಬೇಕಿಲ್ಲ. ಕಣ್ಣು ಬಿಟ್ಟು ಬದುವಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು.

ಚಳಿಗೆ ಹೆದರಿ ಬರುವುದಲ್ಲ

ಆಗಸ್ಟ್‌ನಲ್ಲಿ ಅಲ್ಲಿ ಇನ್ನೂ ಚಳಿ ಬಿದ್ದಿರುವುದಿಲ್ಲ. ಮತ್ತೇಕೆ ಹೊರಡುತ್ತವೆ? ಹಗಲು ಗಿಡ್ಡವಾಗುವುದೇ ಅವಕ್ಕೆ ಸೂಚನೆ. ಮರಿ ಮಾಡುವ ಕೆಲಸ ಮುಗಿದಿರುತ್ತದೆ. ಮುಂದೆ ಹುಳು ಹುಪ್ಪಟೆ ಕಡಿಮೆಯಾಗುತ್ತದೆ, ನೆಲ ಹೆಪ್ಪುಗಟ್ಟುತ್ತದೆ. ಅಷ್ಟರೊಳಗೆ ಮೈಯಲ್ಲಿ ಕೊಬ್ಬು ತುಂಬಿಕೊಂಡು ಎದ್ದುಬಿಡುತ್ತವೆ. ಆ ಕೊಬ್ಬೇ ದಾರಿಯ ಬುತ್ತಿ. ಹೆಚ್ಚಿನವು ರಾತ್ರಿ ಹಾರುತ್ತವೆ. ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿ ಅವಕ್ಕೆ ದಿಕ್ಕು ತೋರಿಸುತ್ತವೆ. ಅನೇಕ ಗೊರವಗಳಲ್ಲಿ ದೊಡ್ಡವು ಮೊದಲು ಹೊರಡುತ್ತವೆ. ಆ ವರ್ಷ ಹುಟ್ಟಿದ ಮರಿಗಳು ಆಮೇಲೆ ತಾವೇ ದಾರಿ ಹಿಡಿದು ಬರುತ್ತವೆ. ಕಂಡಿಲ್ಲದ ಊರಿಗೆ, ತೋರಿಸುವವರಿಲ್ಲದೆ.

ನನಗೆ ಇನ್ನೊಂದು ವಿಷಯ ಹೊಳೆಯಲು ಕೆಲವು ವರ್ಷ ಬೇಕಾಯಿತು. ಮೊದಲು ಹಬ್ಬದ ಲೆಕ್ಕದಲ್ಲಿ ಬರೆದಿಡುತ್ತಿದ್ದೆ. ಗೌರಿ ಹಬ್ಬಕ್ಕೆ ಬಂತು, ಮಹಾಲಯಕ್ಕೆ ಬಂತು ಎಂದು. ಲೆಕ್ಕ ಹೊಂದುತ್ತಿರಲಿಲ್ಲ. ಮಳೆ ನಕ್ಷತ್ರದ ಲೆಕ್ಕಕ್ಕೆ ಬದಲಿಸಿದೆ. ಹೊಂದಿತು! ಕಾರಣ ಸರಳ. ಹಬ್ಬ ಚಂದ್ರನ ಲೆಕ್ಕ, ಹಿಂದೆ ಮುಂದೆ ಆಗುತ್ತದೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಹಕ್ಕಿ ನೋಡುವುದೂ ಸೂರ್ಯನನ್ನೇ.

ಯಾವ ಮಳೆಗೆ ಯಾರು?

*ಆಶ್ಲೇಷ, ಮಘೆ (ಆಗಸ್ಟ್):* ಮೊದಲು ಬರುವವು ಗೊರವಗಳು. ಹಸಿರು ಗೊರವ ಒಂಟಿ. ಬೆನ್ನ ಮೇಲೆ ಬಿಳಿ ಚುಕ್ಕಿ ಜಾಸ್ತಿ ಇರುವುದು ಇನ್ನೊಂದು, ಅದು ನಾಲ್ಕಾರು ಜೊತೆ ಸೇರುತ್ತದೆ. ಮೂರನೆಯದು ನಿಂತಲ್ಲಿ ಹಿಂಭಾಗ ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಕೆರೆ, ಕುಂಟೆ, ಕೊನೆಗೆ ಕೃಷಿಹೊಂಡದ ಅಂಚೂ ಅದಕ್ಕಾದೀತು.

*ಹುಬ್ಬೆ, ಉತ್ತರೆ (ಸೆಪ್ಟೆಂಬರ್):* ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳು ಬರುತ್ತವೆ. ಹೊಲ ಉಳುವಾಗ, ದನ ಮೇಯುವಾಗ ಹಿಂದೆ ಮುಂದೆ ಸುಳಿದಾಡುವುದು ಇವೇ. ಎದ್ದ ನೊಣ, ಜಿಗಿಹುಳು, ಪತಂಗ ಹಾರುತ್ತಲೇ ಬಾಯಿಗೆ. ಹೊಟ್ಟೆ ಹಳದಿ, ಬೆನ್ನು ಬೂದಿ ಬಣ್ಣದ ಸಿಪಿಲೆಯೂ ಈಗಲೇ ಬರುವುದು. ವರ್ಷವಿಡೀ ಇರುವ ಕಪ್ಪು ಬಿಳಿ ಸಿಪಿಲೆ ಬೇರೆ, ಅದು ಊರಿನದೇ.

ಬೇಲಿ ಮೇಲೆ ಕೂತು ಗರಗರನೆ ಬೈಯುವ ಕಂದು ಕಳಿಂಗ ಉತ್ತರೆಗೆ ಹಾಜರು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗಿರುತ್ತದೆ. ಮಿಡತೆ, ಹುಳುವೇ ಊಟ. ಹೆಚ್ಚಾದರೆ ಜಾಲಿ ಮುಳ್ಳಿಗೆ ಸಿಕ್ಕಿಸಿಡುವುದೂ ಉಂಟು. ಒಂದು ಬೇಲಿ ಹಿಡಿದರೆ ಚಳಿಗಾಲ ಪೂರ್ತಿ ಅದೇ ಅದರ ಗಡಿ, ಬೇರೊಂದನ್ನು ಬಿಟ್ಟುಕೊಳ್ಳುವುದಿಲ್ಲ. ಹೊಂಗೆ, ಹುಣಸೆ, ಮಾವಿನ ಎಲೆಗಳ ನಡುವೆ ಇನ್ನೊಬ್ಬ ಇದ್ದಾನೆ. ಹಸಿರು ಬಣ್ಣದ, ಬರೀ 7-8 ಗ್ರಾಂ ತೂಗುವ ಎಲೆಹಕ್ಕಿ. ಕಾಣುವುದು ಕಷ್ಟ. ದಿನವಿಡೀ ಎಲೆ ಮಗುಚಿ ಸಣ್ಣ ಹುಳು ಹೆಕ್ಕುವುದೇ ಕೆಲಸ.

*ಹಸ್ತ, ಚಿತ್ತೆ (ಅಕ್ಟೋಬರ್):* ಹೊಲದ ಮೇಲೆ ಕೆಳಗಿನಿಂದಲೇ ತೇಲುತ್ತಾ ಹೋಗುವ ಸೆಳೆವ ಎಂಬ ಉದ್ದ ರೆಕ್ಕೆಯ ಬೇಟೆಹಕ್ಕಿ ಬರುತ್ತದೆ. ಇದನ್ನು ಕೋಳಿಮರಿ ಕಳ್ಳ ಎಂದು ಓಡಿಸುವವರಿದ್ದಾರೆ. ಇದು ಮಿಡತೆ, ಇಲಿ, ಓತಿಯ ಗಿರಾಕಿ. ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತದೆ. ಹುಲ್ಲುಗಾವಲು ಹೋದರೆ ಇದಕ್ಕೆ ಹಾಸಿಗೆಯೇ ಇಲ್ಲ. ನಮಗೆ ಹತ್ತಿರದ ಹೆಸರಘಟ್ಟ ಹುಲ್ಲುಗಾವಲು ಇದಕ್ಕೆ ಹೆಸರಾದ ಜಾಗ. 2025ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಸಾರಿದ್ದಾರೆ.

ಎಲ್ಲರೂ ಸಾಧುಗಳಲ್ಲ

ಒಳ್ಳೆಯದನ್ನೇ ಹೇಳಿದರೆ ಮೋಸವಾದೀತು. ತಲೆ ಕಪ್ಪು, ಮೈ ಗುಲಾಬಿ ಬಣ್ಣದ ಕಬ್ಬಕ್ಕಿ ಗುಂಪಾಗಿ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಇದನ್ನು 'ಜೋಳದ ಹಕ್ಕಿ' ಎಂದೇ ಕರೆದರು. ಜೋಳದ ತೆನೆ, ದ್ರಾಕ್ಷಿ ಸಿಕ್ಕರೆ ಬಿಡುವುದಿಲ್ಲ. ಅದೇ ಹಕ್ಕಿ ಮರಿ ಮಾಡುವ ಮಧ್ಯ ಏಷ್ಯಾದಲ್ಲಿ ಮಿಡತೆಗಳ ಕಾಲ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ 1980ರ ದಶಕದಿಂದ ಇದಕ್ಕೆಂದೇ ಕಲ್ಲುಗುಡ್ಡೆ ಹಾಕಿ ಗೂಡಿಗೆ ಜಾಗ ಮಾಡಿಕೊಟ್ಟರು. ಮಿಡತೆಗೆ ಔಷಧ ಹೊಡೆಯುವುದಕ್ಕಿಂತ ಹಕ್ಕಿ ಸಾಕುವುದು ಅಗ್ಗವೆಂದು. ತೆನೆ ಕಟ್ಟಿದ ಮೇಲೆ ತಮಟೆ ಬಡಿದು ಓಡಿಸೋಣ, ತಪ್ಪಿಲ್ಲ. ಅದಕ್ಕೆ ಮುಂಚೆ ಹುಳು ತಿನ್ನಲು ಬಿಡೋಣ.

ಔಷಧದ ಡಬ್ಬಿ ಮತ್ತು ಹಕ್ಕಿ

ಕೆಲವು ವರ್ಷದ ಹಿಂದೆ ಉತ್ತರೆ ಮಳೆ ಕೈಕೊಟ್ಟಿತ್ತು. ರಾಗಿಯಲ್ಲಿ ಮಿಡತೆ ಕಂಡಿತು. ಅಂಗಡಿಯವರು ಕೊಟ್ಟದ್ದನ್ನು ಎರಡು ಎಕರೆಗೂ ಹೊಡೆದೆ. ಮೂರನೇ ದಿನ ಬದುವಿನ ಮೇಲೆ ಒಂದು ಕಳಿಂಗ ಸತ್ತು ಬಿದ್ದಿತ್ತು. ಔಷಧದಿಂದಲೇ ಸತ್ತಿತೆಂದು ಸಾಬೀತು ಮಾಡಲು ನನ್ನಲ್ಲಿ ಏನೂ ಇಲ್ಲ. ಆದರೆ ಆ ಬೇಲಿಯಲ್ಲಿ ಆ ವರ್ಷ ಮತ್ತೆ ಕಳಿಂಗದ ದನಿ ಕೇಳಲಿಲ್ಲ.

ಆಮೇಲೆ ಅರ್ಜೆಂಟೀನಾದ ಕಥೆ ಓದಿದೆ. 1995-96ರಲ್ಲಿ ಅಲ್ಲಿನ ರೈತರು ಮಿಡತೆಗೆ ಮೊನೊಕ್ರೋಟೊಫಾಸ್ ಹೊಡೆದರು. ಉತ್ತರ ಅಮೆರಿಕದಿಂದ ವಲಸೆ ಬಂದಿದ್ದ ಗಿಡುಗಗಳು ಆ ಮಿಡತೆ ತಿಂದು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಪುಕ್ಕಟೆಯಾಗಿ ಮಿಡತೆ ಹಿಡಿಯಲು ಬಂದ ಆಳುಗಳನ್ನೇ ಕೊಂದ ಹಾಗಾಯಿತು. ಅದೇ ಔಷಧವನ್ನು ನಾವೂ ವರ್ಷಾನುಗಟ್ಟಲೆ ಬಳಸಿದೆವಲ್ಲ!

ಈಗ ನಾನು ಮಾಡುವುದಿಷ್ಟು. ಮೊದಲು ಹೊಲ ಸುತ್ತಿ ಹುಳು ಎಣಿಸುತ್ತೇನೆ. ಜಾಸ್ತಿ ಇರುವ ಪಟ್ಟಿಗೆ ಮಾತ್ರ ಬೇವಿನ ಕಷಾಯ; ಅದಕ್ಕೂ ಬಗ್ಗದಿದ್ದರೆ ಔಷಧ. ಅವರೆಯಲ್ಲಿ ಅಲ್ಲಲ್ಲಿ ಕವೆಕೋಲು ನೆಡುತ್ತೇನೆ. ಅದರ ಮೇಲೆ ಕೂರುವುದು ಹೆಚ್ಚಾಗಿ ಊರಿನ ಕಾಜಾಣ, ಕಳಿಂಗವೂ ಬರುತ್ತದೆ. ಕಾಯಿಕೊರಕ ಪೂರ್ತಿ ಹೋಗಿಲ್ಲ, ಅಷ್ಟಿಷ್ಟು ಕಾಯಿ ತೂತಾಗುತ್ತದೆ. ಆದರೆ ಮೂರು ಸಲ ಹೊಡೆಯುತ್ತಿದ್ದವನು ಒಂದು ಸಲಕ್ಕೆ ಇಳಿದಿದ್ದೇನೆ. ಉಳಿದ ದುಡ್ಡು ನನ್ನದೇ.

ಕೆರೆಗೆ ಕೆಸರಂಚು ಬೇಕು

2021 ಮತ್ತು 2022ರ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆ ಕೋಡಿ ಬಿದ್ದವು. ಸಂತೋಷವೇ. ಆದರೆ ಏರಿ ಹತ್ತಿರ ಗೊರವ ಕಾಣಲಿಲ್ಲ. ಹುಡುಕಿದರೆ, ಕೆರೆ ಅಂಗಳದ ಮೇಲ್ತುದಿಯಲ್ಲಿ ಹಳ್ಳ ಸೇರುವ ಕಡೆ ಇದ್ದವು. ಅಲ್ಲಿ ನೀರು ಅಂಗೈ ಆಳ. ಗೊರವ ಈಜುವ ಹಕ್ಕಿಯಲ್ಲ. ಕಾಲು ಮುಳುಗುವಷ್ಟು ನೀರು, ಕೊಕ್ಕು ಚುಚ್ಚುವಂಥ ಕೆಸರು ಅದಕ್ಕೆ ಬೇಕು.

ಹೂಳೆತ್ತುವಾಗ ನಾವು ಎಡವುವುದು ಇಲ್ಲೇ. ಜೆಸಿಬಿ ತಂದು ಸುತ್ತಲೂ ಬಾವಿಯ ಹಾಗೆ ಕಡಿದುಬಿಟ್ಟರೆ ನೀರು ಹೆಚ್ಚು ನಿಂತೀತು. ಆದರೆ ಹಕ್ಕಿಗೆ ಜಾಗವಿಲ್ಲ. ದನ ಇಳಿದು ನೀರು ಕುಡಿಯುವುದಕ್ಕೂ ಆಗುವುದಿಲ್ಲ, ಮಕ್ಕಳು ಜಾರಿದರೆ ಮೇಲೆ ಬರುವುದಕ್ಕೂ ಆಗುವುದಿಲ್ಲ. ನಡುವೆ ಆಳ ಮಾಡಿ, ಮೇಲ್ತುದಿಯ ಇಳಿಜಾರು ಹಾಗೇ ಬಿಡಿ. ಗ್ರಾಮಸಭೆಯಲ್ಲಿ ಹಕ್ಕಿಯ ಹೆಸರು ಹೇಳಿದರೆ ನಗುತ್ತಾರೆ. ದನದ ಹೆಸರು ಹೇಳಿ. ಕೆಲಸ ಒಂದೇ.

ನೀವೂ ಬರೆದಿಡಿ

ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು 1939-40ರಲ್ಲಿ. ಅವರಿಗೆ ಎಲ್ಲ ಊರಿಗೂ ಬರಲು ಆಗಿರಲಿಕ್ಕಿಲ್ಲ. ನಾವಾದರೋ ದಿನಾ ಹೊಲದಲ್ಲೇ ಇರುವವರು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಸಂಗತಿ ಗುರುತು ಹಾಕಿ: ಯಾವ ಹಕ್ಕಿ, ಎಲ್ಲಿ, ಎಷ್ಟು. ಹೆಸರು ಗೊತ್ತಿಲ್ಲದಿದ್ದರೆ 'ಹಳದಿ ಹೊಟ್ಟೆ, ಬಾಲ ಕುಣಿಸುವುದು' ಎಂದು ಬರೆದರೂ ಸಾಕು. ಮೊಬೈಲು ಬಲ್ಲ ಮಕ್ಕಳಿದ್ದರೆ ಈ-ಬರ್ಡ್‌ಗೆ ಸೇರಿಸಲಿ. ನಿಮ್ಮ ಕೆರೆಯ ಹೆಸರೂ ಲೆಕ್ಕಕ್ಕೆ ಸಿಗುತ್ತದೆ.

ಕಾಲಿಗೆ ಉಂಗುರ ತೊಡಿಸಿ ನೋಡಿದವರು ಕಂಡುಕೊಂಡಂತೆ, ಅನೇಕ ವಲಸೆ ಹಕ್ಕಿಗಳು ವರ್ಷ ವರ್ಷವೂ ಅದೇ ಜಾಗಕ್ಕೆ ಮರಳುತ್ತವೆ. ಹಾಗಾದರೆ ನಮ್ಮ ಬೇಲಿಯ ಕಳಿಂಗಕ್ಕೂ ಈ ಬೇಲಿ ನೆನಪಿರಬೇಕು. ಸಾವಿರಾರು ಮೈಲಿ ಹಾರಿ ಬರುವ ಅದಕ್ಕೆ ಬೇಲಿ ಅಲ್ಲೇ ಸಿಗುವ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕಳೆದ ಉತ್ತರೆಯಲ್ಲಿ ಆ ಬೇಲಿಯಲ್ಲಿ ಮತ್ತೆ ಗರಗರ ಕೇಳಿಸಿತು. ಹಳೆಯದೋ ಹೊಸದೋ, ಕೇಳಿ ನೆಮ್ಮದಿಯಾಯಿತು.